ಅಳೆದು ಸುರಿಯುವ ಆತಿಥ್ಯ

ವರ್ತಕನ ಬಾಳಿಗೆ ಅಳತೆಯೇ ಆಧಾರ. ಕಿರಾಣಿ ಅಂಗಡಿಯಲ್ಲಿ ತಕ್ಕಡಿಯ ಮುಳ್ಳು ನಡುವೆ ನಿಲ್ಲದೆ ಸಾಮಾನು ಗಿರಾಕಿಯ ಚೀಲ ಸೇರುವುದಿಲ್ಲ. ಕಾರ್ಖಾನೆಯಲ್ಲಿ ವರ್ನಿಯರ್ ಹಿಡಿದು ನೋಡದೆ ಬಿಡಿಭಾಗ ಹೊರಗೆ ಹೋಗುವುದಿಲ್ಲ. ಯಾವ ವ್ಯವಹಾರವನ್ನಾದರೂ ಅಳೆದೂ ಸುರಿದೂ ನೋಡಿದ ಮೇಲೆಯೇ ಒಪ್ಪಿಕೊಳ್ಳುವ ಇದೇ ಗೃಹಸ್ಥರು, ಶನಿವಾರ ಸಂಜೆ ಸ್ನೇಹಿತರು ಮನೆಗೆ ಬಂದಾಗ ವಿಸ್ಕಿಯ ಬಾಟಲಿಯನ್ನು ಮೇಜಿನ ಮೇಲಿಟ್ಟು ಕಣ್ಣಂದಾಜಿನಲ್ಲಿ ಲೋಟಕ್ಕೆ ಸುರಿಯುತ್ತಾರೆ. ದಿನವಿಡೀ ಗ್ರಾಮಿನ ಲೆಕ್ಕ ಇಟ್ಟ ಕೈ, ರಾತ್ರಿಯಾಗುತ್ತಲೇ ಅಳತೆಯನ್ನು ಮರೆಯುವುದು ವಿಚಿತ್ರವೇ ಸರಿ.

ಮದ್ಯ ಸೇವಿಸದ ವರ್ತಕರು ನಾಡಿನಲ್ಲಿ ಬಹಳ ಮಂದಿ ಇದ್ದಾರೆ. ಅವರು ಯಾರಿಗೂ ಕಾರಣ ಕೊಡಬೇಕಾಗಿಲ್ಲ. ಮದ್ಯದಿಂದ ಆರೋಗ್ಯಕ್ಕೆ ಅಪಾಯವೇ ಇಲ್ಲದ ಪ್ರಮಾಣ ಎಂಬುದು ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಸಾರಿದೆ. ಹೀಗಿದ್ದರೂ ಸೇವಿಸುವವರು ಸೇವಿಸುತ್ತಲೇ ಇದ್ದಾರೆ. ಅಂಥವರಿಗೆ ಹೇಳಬೇಕಾದ ಮಾತು ಇಷ್ಟೇ: ಮನೆಯಲ್ಲಿ ವಿಸ್ಕಿ ಕೊಡುವುದೇ ಆದರೆ, ಅದನ್ನು ಅಳೆದು, ಬೆರೆಸಿ, ಒಂದೊಂದೇ ಲೋಟವಾಗಿ ಕೊಡಬೇಕು. ಸರಳವಾದ ಕಾಕ್ಟೇಲ್ ಶ್ರೀಮಂತರ ಕ್ಲಬ್ಬಿನ ಆಡಂಬರವೆಂಬ ಭಾವನೆ ತಪ್ಪು. ವಾಸ್ತವವಾಗಿ ಅದು ಅಳತೆಯನ್ನು ಮನೆಯ ಮೇಜಿಗೆ ತರುವ ಶಿಸ್ತು.

ಕಣ್ಣಂದಾಜಿನ ನಷ್ಟ

ಮೊದಲು ಲೆಕ್ಕವನ್ನೇ ನೋಡಬಹುದು. ಬಾಟಲಿಯಲ್ಲಿರುವುದು 750 ಮಿಲಿಲೀಟರ್. ಸ್ಮಾಲ್ ಎಂದರೆ 30, ಲಾರ್ಜ್ ಎಂದರೆ 60 ಮಿ.ಲೀ. ಸರಿಯಾಗಿ ಅಳೆದರೆ ಬಾಟಲಿಯಿಂದ 12 ಲಾರ್ಜ್ ಮತ್ತು ಒಂದು ಸ್ಮಾಲ್ ದೊರೆಯಬೇಕು. ಕೈ ಕೊಂಚ ಸಡಿಲವಾಗಿ ಪ್ರತಿ ಸಲ 75 ಮಿ.ಲೀ. ಬಿದ್ದರೆ ದೊರೆಯುವುದು ಹತ್ತೇ. ಗೋದಾಮಿನ ದಾಸ್ತಾನಿನಲ್ಲಿ ಐದರಲ್ಲಿ ಒಂದು ಪಾಲು ಹೀಗೆ ಕಡಿಮೆ ಬಂದಿದ್ದರೆ ಮಾಲೀಕರು ಸುಮ್ಮನಿರುತ್ತಿದ್ದರೇ?

ಹಣದ ನಷ್ಟಕ್ಕಿಂತ ದೊಡ್ಡದು ಅತಿಥಿಯ ನಷ್ಟ. ಭಾರತದಲ್ಲಿ ಮಾರಾಟವಾಗುವ ಸಾಮಾನ್ಯ ವಿಸ್ಕಿಯ ಬಾಟಲಿಯ ಮೇಲೆ ಶೇಕಡಾ 42.8 ಎಂಬ ಅಂಕಿ ಅಚ್ಚಾಗಿರುತ್ತದೆ. ಅಂದರೆ 60 ಮಿ.ಲೀ. ವಿಸ್ಕಿಯಲ್ಲಿ ಸುಮಾರು 25.7 ಮಿ.ಲೀ., ತೂಕದಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. 75 ಮಿ.ಲೀ.ನ ಮೂರು ಲೋಟ ಮುಗಿಸಿದ ಅತಿಥಿ ತಾನು ಕುಡಿದದ್ದು ಮೂರು ಲಾರ್ಜ್ ಎಂದುಕೊಂಡಿರುತ್ತಾನೆ. ಅವನ ಹೊಟ್ಟೆ ಸೇರಿದ್ದು ಹೆಚ್ಚುಕಡಿಮೆ ನಾಲ್ಕು. ಗಿರಾಕಿಗೆ ತೂಕದಲ್ಲಿ ಕಡಿಮೆ ಕೊಡುವುದು ಮೋಸವಾದರೆ, ಅತಿಥಿಗೆ ತಿಳಿಸದೆ ಹೆಚ್ಚು ಸುರಿಯುವುದೂ ಒಂದು ಬಗೆಯ ಮೋಸವೇ.

ಆದ್ದರಿಂದ ಮನೆಗೆ ಮೊದಲು ಬರಬೇಕಾದದ್ದು ದುಬಾರಿ ಬಾಟಲಿಗಿಂತ ಒಂದು ಅಳತೆಯ ಬಟ್ಟಲು. ಒಂದು ಕಡೆ 30, ಇನ್ನೊಂದು ಕಡೆ 60 ಮಿ.ಲೀ. ಹಿಡಿಯುವ ಸ್ಟೀಲಿನ ಪೆಗ್ ಮೆಷರ್ ಪಾತ್ರೆ ಅಂಗಡಿಗಳಲ್ಲಿ ಅಲ್ಪ ಬೆಲೆಗೆ ಸಿಗುತ್ತದೆ. ಅದೂ ಇಲ್ಲವಾದರೆ ಔಷಧದ ಬಾಟಲಿಯೊಡನೆ ಬರುವ, ಗೆರೆ ಹಾಕಿದ ಮುಚ್ಚಳವನ್ನು ಚೆನ್ನಾಗಿ ತೊಳೆದು ಬಳಸಿದರೂ ಸಾಕು.

ಹಳೆಯ ಸೂತ್ರ

ಬೆರಕೆಯ ಪಾನೀಯದ ಇತಿಹಾಸಕ್ಕೂ ವ್ಯಾಪಾರಕ್ಕೂ ಹತ್ತಿರದ ನಂಟಿದೆ. ಹದಿನೇಳನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವರ್ತಕರು ಇಲ್ಲಿಂದ ಕಲಿತು ಇಂಗ್ಲೆಂಡಿಗೆ ಒಯ್ದ ‘ಪಂಚ್’ ಎಂಬ ಪಾನೀಯದ ಹೆಸರು ನಮ್ಮ ‘ಪಂಚ’ ಶಬ್ದದಿಂದಲೇ ಬಂದಿತೆಂಬುದು ಬಹುಜನರ ಅಭಿಪ್ರಾಯ. ಮದ್ಯ, ಸಕ್ಕರೆ, ನಿಂಬೆ, ನೀರು, ಮಸಾಲೆ ಎಂಬ ಐದು ಪದಾರ್ಥಗಳ ಕೂಟ ಅದು. 1806ರಲ್ಲಿ ನ್ಯೂಯಾರ್ಕ್ ಪ್ರಾಂತದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು ಕಾಕ್ಟೇಲ್ ಎಂದರೇನೆಂದು ಕೇಳಿದ ಓದುಗರೊಬ್ಬರಿಗೆ, ಮದ್ಯ, ಸಕ್ಕರೆ, ನೀರು ಮತ್ತು ಬಿಟರ್ಸ್ ಸೇರಿದ ಪಾನೀಯವೆಂದು ಉತ್ತರಿಸಿತು. ಬಿಟರ್ಸ್ ಎಂದರೆ ಬೇರು, ತೊಗಟೆ, ಮಸಾಲೆಗಳ ಸಾರವನ್ನಿಳಿಸಿದ ಕಹಿ ದ್ರವ. ಕೆಲವೇ ಹನಿಗಳಷ್ಟು ಬಳಸತಕ್ಕದ್ದು. ಇಂದಿಗೂ ಮನೆಯಲ್ಲಿ ಬೇಕಾದದ್ದು ಈ ಹಳೆಯ ಸೂತ್ರವೇ ಹೊರತು ಹತ್ತು ಬಣ್ಣದ ಸೀಸೆಗಳಲ್ಲ.

ಅತ್ಯಂತ ಸುಲಭವಾದದ್ದು ಹೈಬಾಲ್. ಎತ್ತರದ ಲೋಟದ ತುಂಬ ಐಸ್ ಹಾಕಿ, 45 ಮಿ.ಲೀ. ವಿಸ್ಕಿ ಅಳೆದು ಹೊಯ್ದು, ಚೆನ್ನಾಗಿ ತಣ್ಣಗಾದ 150 ಮಿ.ಲೀ. ಸೋಡಾ ಸೇರಿಸಿ ಒಂದೇ ಒಂದು ಸಲ ಕಲಕಬೇಕು. ಹೆಚ್ಚು ಕಲಕಿದರೆ ಸೋಡಾದ ಗ್ಯಾಸು ಹೋಗಿ ಸಪ್ಪೆಯಾಗುತ್ತದೆ. ಮೇಲೆ ನಿಂಬೆಯ ಸಿಪ್ಪೆಯ ಒಂದು ಚೂರನ್ನು ಹಿಂಡಿದರೆ ಅದರ ಎಣ್ಣೆಯ ಪರಿಮಳ ಲೋಟಕ್ಕೆ ಇಳಿಯುತ್ತದೆ. 42.8ರಷ್ಟಿದ್ದ ತೀಕ್ಷ್ಣತೆ ಈಗ ಶೇಕಡಾ ಹತ್ತರ ಆಸುಪಾಸಿಗೆ ಇಳಿದಿರುತ್ತದೆ. ಒಂದು ಲೋಟ ಮುಗಿಯಲು ಅರ್ಧ ಗಂಟೆಯಾದರೂ ಬೇಕು; ಮಾತಿಗೆ ಸಮಯ ಸಿಗುತ್ತದೆ.

ಎರಡನೆಯದು ವಿಸ್ಕಿ ಸೌರ್. 45 ಮಿ.ಲೀ. ವಿಸ್ಕಿ, 20 ಮಿ.ಲೀ. ಆಗ ಹಿಂಡಿದ ನಿಂಬೆರಸ, 20 ಮಿ.ಲೀ. ಸಕ್ಕರೆ ಪಾಕ. ಪಾಕಕ್ಕೆ ಸಮಪ್ರಮಾಣದ ಸಕ್ಕರೆ ಮತ್ತು ನೀರನ್ನು ಕರಗುವವರೆಗೆ ಬಿಸಿ ಮಾಡಿ ಆರಿಸಿದರಾಯಿತು. ಇವನ್ನು ಐಸಿನೊಂದಿಗೆ ಬಿಗಿ ಮುಚ್ಚಳದ ಜಾಡಿಯಲ್ಲಿ ಹಾಕಿ ಹತ್ತು ಹದಿನೈದು ಸೆಕೆಂಡು ಜೋರಾಗಿ ಕುಲುಕಿ ಸೋಸಬೇಕು. ಸೋಡಾವನ್ನು ಮಾತ್ರ ಎಂದಿಗೂ ಜಾಡಿಯಲ್ಲಿ ಮುಚ್ಚಿ ಕುಲುಕಬಾರದು. ನಿಂಬೆ ಶರಬತ್ತು ಮಾಡಬಲ್ಲ ಮನೆಯಲ್ಲಿ ಇದಕ್ಕೆ ಬೇರೆ ತರಬೇತಿ ಬೇಕಿಲ್ಲ. ಸಕ್ಕರೆಯ ಬದಲು ಬೆಲ್ಲದ ಪಾಕ ಬಳಸಿದರೆ ರುಚಿಗೆ ಬೇರೊಂದು ಗಾಂಭೀರ್ಯ ಬರುತ್ತದೆ.

ಮೂರನೆಯದು 1806ರ ಸೂತ್ರಕ್ಕೆ ಅತಿ ಸಮೀಪವಾದ ಓಲ್ಡ್ ಫ್ಯಾಷನ್ಡ್. 45 ಮಿ.ಲೀ. ವಿಸ್ಕಿ, ಒಂದು ಚಹಾ ಚಮಚ ಪಾಕ, ನಾಲ್ಕಾರು ಹನಿ ಬಿಟರ್ಸ್, ದೊಡ್ಡ ಐಸ್ ತುಂಡು, ನಿಧಾನವಾದ ಕಲಕುವಿಕೆ. ಮೇಲೆ ಕಿತ್ತಳೆಯ ಸಿಪ್ಪೆ. ದೊಡ್ಡ ತುಂಡು ನಿಧಾನವಾಗಿ ಕರಗುವುದರಿಂದ ಪಾನೀಯ ಬೇಗ ನೀರಾಗುವುದಿಲ್ಲ. ಇದು ತೀಕ್ಷ್ಣವಾದ ಪಾನೀಯವಾದ್ದರಿಂದ ಒಂದಕ್ಕೇ ನಿಲ್ಲಿಸುವುದು ಕ್ಷೇಮ.

ಮಲೆನಾಡಿನ ಮಳೆಗಾಲದಲ್ಲಿ 30 ಮಿ.ಲೀ. ವಿಸ್ಕಿಗೆ ಬಿಸಿನೀರು, ಜೇನು, ನಿಂಬೆ, ಎರಡು ಲವಂಗ ಸೇರಿಸಿದ ಟಾಡಿಯೂ ಹಿತವೇ. ಆದರೆ ಅದನ್ನು ನೆಗಡಿಯ ಔಷಧಿಯೆಂದು ತಿಳಿಯುವುದು ಸಲ್ಲದು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಾದಂತೆ ತೋರಿಸುತ್ತದೆ. ವಾಸ್ತವವಾಗಿ ದೇಹದ ಶಾಖ ಹೊರಗೆ ಹೋಗುತ್ತಿರುತ್ತದೆ. ನೆಗಡಿಯ ಮಾತ್ರೆ ನುಂಗಿದವರು ಆ ದಿನ ಜೇನು ನಿಂಬೆಯ ಬಿಸಿನೀರಿಗೇ ತೃಪ್ತರಾಗಬೇಕು.

ಯಾವ ಬಾಟಲಿ?

ಬೆರಸುವುದಕ್ಕೆ ಅತಿ ಬೆಲೆಯ ಬಾಟಲಿ ಬೇಡ. ನಿಂಬೆ, ಸಕ್ಕರೆಗಳ ನಡುವೆ ಅದರ ಸೂಕ್ಷ್ಮ ಗುಣ ಮರೆಯಾಗುತ್ತದೆ. ಮಧ್ಯಮ ದರದ ಉತ್ತಮ ಬ್ಲೆಂಡ್ ಸಾಕು. ಆದರೆ ಕೊಳ್ಳುವವರು ಲೇಬಲ್ಲನ್ನು ಓದುವ ಅಭ್ಯಾಸ ಮಾಡಿಕೊಳ್ಳಬೇಕು. ನಮ್ಮಲ್ಲಿ ವಿಸ್ಕಿಯೆಂದು ಮಾರಾಟವಾಗುವ ಅಗ್ಗದ ಅನೇಕ ಸರಕುಗಳಿಗೆ ಕಬ್ಬಿನ ಕಾಕಂಬಿಯಿಂದ ತೆಗೆದ ಮದ್ಯಸಾರವೇ ಮೂಲ. ಯುರೋಪಿನ ನಿಯಮದಂತೆ ಧಾನ್ಯದಿಂದ ಭಟ್ಟಿಯಿಳಿಸಿ, ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಮಾಗಿಸದ್ದು ವಿಸ್ಕಿಯೇ ಅಲ್ಲ.

ಈ ವಿಷಯದಲ್ಲಿ ಕರ್ನಾಟಕದ ಉದ್ಯಮಿಗಳು ಹೆಮ್ಮೆಪಡಬೇಕಾದ ಸಂಗತಿಯೊಂದಿದೆ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೃತ್ ಡಿಸ್ಟಿಲರೀಸ್, ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಸಿಂಗಲ್ ಮಾಲ್ಟ್ ಎಂದರೆ ಒಂದೇ ಭಟ್ಟಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದಲೇ ತಯಾರಾದದ್ದು. ಸ್ಕಾಟ್ಲೆಂಡಿನ ತಣ್ಣನೆಯ ಹವೆಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಆವಿಯಾಗುವುದು ಶೇಕಡಾ ಎರಡರಷ್ಟು. ಬೆಂಗಳೂರಿನಲ್ಲಿ ಅದು ಹತ್ತನ್ನು ಮೀರುತ್ತದೆ. ಇಷ್ಟು ನಷ್ಟವನ್ನು ತಾಳಿಕೊಂಡು, ಬೇಗ ಮಾಗುವ ಅದೇ ಹವೆಯನ್ನು ಅನುಕೂಲವಾಗಿ ಮಾಡಿಕೊಂಡ ಫಲವಾಗಿ, ಅಲ್ಲಿಯ ‘ಫ್ಯೂಷನ್’ 2010ರ ‘ವಿಸ್ಕಿ ಬೈಬಲ್’ ಎಂಬ ಮಾರ್ಗದರ್ಶಿ ಗ್ರಂಥದಲ್ಲಿ ಜಗತ್ತಿನ ಮೂರನೆಯ ಶ್ರೇಷ್ಠ ವಿಸ್ಕಿಯೆನಿಸಿತು. ಇಂಥ ಸರಕು ಮನೆಗೆ ಬಂದಾಗ ಪಾಕ, ನಿಂಬೆಗಳ ಗೋಜಿಗೆ ಹೋಗದೆ ಕೆಲವು ಹನಿ ನೀರು ಬೆರೆಸಿ ಸವಿಯುವುದೇ ತಯಾರಕರ ಶ್ರಮಕ್ಕೆ ಸಲ್ಲಿಸುವ ಗೌರವ.

ಖರ್ಚು ಯಾರ ಖಾತೆಗೆ?

ಇನ್ನು ಬಾಟಲಿಯ ಬಿಲ್ಲಿನ ವಿಚಾರ. ಮನೆಯ ಶನಿವಾರದ ಕೂಟದ ಬಿಲ್ಲು ಸೋಮವಾರ ಅಂಗಡಿಯ ಗುಮಾಸ್ತರ ಕೈಸೇರಿ ‘ವ್ಯಾಪಾರಾಭಿವೃದ್ಧಿ’ ಅಥವಾ ‘ಅತಿಥಿ ಸತ್ಕಾರ’ದ ಖಾತೆಯಲ್ಲಿ ಕುಳಿತುಕೊಳ್ಳುವ ಪದ್ಧತಿ ಹೊಸದೇನಲ್ಲ. ಇದು ಸರಿಯಲ್ಲ. ಸ್ವಂತ ಮನೆಯ ಸಂತೋಷದ ಖರ್ಚು ವ್ಯವಹಾರದ ಖರ್ಚಾಗದು. ಅದು ಮಾಲೀಕರ ಡ್ರಾಯಿಂಗ್ಸ್ ಖಾತೆಗೇ ಹೋಗಬೇಕು. ಮದ್ಯ ಜಿಎಸ್‌ಟಿಯ ವ್ಯಾಪ್ತಿಯ ಹೊರಗಿದೆಯಾದ್ದರಿಂದ ಅದಕ್ಕೆ ಇನ್‌ಪುಟ್ ಕ್ರೆಡಿಟ್ಟಿನ ಪ್ರಶ್ನೆಯೇ ಏಳುವುದಿಲ್ಲ. ದೀಪಾವಳಿಗೆ ಡೀಲರುಗಳಿಗೆ ಬಾಟಲಿಗಳ ಪೆಟ್ಟಿಗೆ ಕಳುಹಿಸುವವರು, ವ್ಯವಹಾರದ ಸಂಬಂಧವಾಗಿ ಒಬ್ಬರಿಗೆ ವರ್ಷದಲ್ಲಿ ಕೊಡುವ ಸೌಲಭ್ಯಗಳ ಮೌಲ್ಯ 20,000 ರೂಪಾಯಿ ಮೀರಿದರೆ ಶೇಕಡಾ 10ರ ತೆರಿಗೆ ಕಡಿತವನ್ನು ವಿಧಿಸುವ, 2022ರ ಜುಲೈ 1ರಿಂದ ಜಾರಿಗೆ ಬಂದ ನಿಯಮವನ್ನೂ ಗಮನದಲ್ಲಿಡಬೇಕು. ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಮದ್ಯದ ಪ್ರಮಾಣಕ್ಕೂ ಅಬಕಾರಿ ನಿಯಮಗಳ ಮಿತಿ ಇದೆ.

ಸ್ವಂತ ಜೇಬಿನಿಂದ ಹಣ ಹೋಗುವಾಗ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ ಎಂಬುದು ಅನುಭವದ ಮಾತು. ಸಂಸ್ಥೆಯ ಖಾತೆಯಲ್ಲಿ ಎರಡು ಬಾಟಲಿ ತರಿಸುವವರು ಡ್ರಾಯಿಂಗ್ಸ್‌ನಲ್ಲಿ ಒಂದೇ ತರಿಸುತ್ತಾರೆ; ಅದೂ ಎರಡು ಕೂಟಗಳಿಗೆ ಬರುತ್ತದೆ.

ಮೇಜಿನ ಮರ್ಯಾದೆ

ಬಾಟಲಿಯನ್ನು ಮೇಜಿನ ನಡುವೆ ಇಡುವ ಪದ್ಧತಿಯಲ್ಲಿ ಇನ್ನೊಂದು ದೋಷವಿದೆ. ಖಾಲಿಯಾಗುವವರೆಗೆ ಯಾರೂ ಏಳುವುದಿಲ್ಲ. ಒಲ್ಲದವನ ಲೋಟಕ್ಕೂ ‘ನಮ್ಮ ಮನೇಲಿ ಇಷ್ಟಾದರೂ ತಗೊಳ್ಳಿ’ ಎಂಬ ಒತ್ತಾಯ ಬೀಳುತ್ತದೆ. ಸಾಲದಲ್ಲಿ ಸರಕು ಪಡೆಯುವ ಚಿಕ್ಕ ವರ್ತಕ, ಸಗಟು ವ್ಯಾಪಾರಿಯ ಮನೆಯಲ್ಲಿ ‘ಬೇಡ’ ಎನ್ನುವುದು ಸುಲಭವಲ್ಲ. ಅಲ್ಲಿ ನಡೆಯುವುದು ಆತಿಥ್ಯವೆನ್ನುವಂತಿಲ್ಲ. ಬಾಕಿಯ ಭಾರ ಲೋಟದ ರೂಪ ತಾಳಿರುತ್ತದೆ, ಅಷ್ಟೆ. ಅಳೆದು ಬೆರೆಸಿ ಕೊಡುವ ಮನೆಯಲ್ಲಿ ಈ ತೊಂದರೆ ತಾನಾಗಿ ಕಡಿಮೆಯಾಗುತ್ತದೆ. ಪ್ರತಿ ಲೋಟಕ್ಕೂ ಗೃಹಸ್ಥರು ಎದ್ದು ಹೋಗಿ ತಯಾರಿಸಬೇಕಾದ್ದರಿಂದ, ಪ್ರತಿ ಸಲವೂ ‘ಇನ್ನೊಂದು ಬೇಕೇ?’ ಎಂದು ಕೇಳುವ ಅವಕಾಶ ಬರುತ್ತದೆ. ಸಾಕು ಎನ್ನುವ ಅವಕಾಶ ಅತಿಥಿಗೂ ಸಿಗುತ್ತದೆ.

ಕುಡಿಯದವರನ್ನು ಬರಿಯ ಕೂಲ್ ಡ್ರಿಂಕ್ಸ್ ಕೊಟ್ಟು ಮೂಲೆಯಲ್ಲಿ ಕೂರಿಸುವುದು ತರವಲ್ಲ. ಅದೇ ಪಾಕ, ಅದೇ ನಿಂಬೆ, ಅದೇ ಸೋಡಾ ಅವರಿಗೂ ಸಲ್ಲಬೇಕು. ಶುಂಠಿ, ಏಲಕ್ಕಿ ಹಾಕಿದ ಬೆಲ್ಲದ ಪಾನಕವನ್ನು ಅದೇ ಬಗೆಯ ಲೋಟದಲ್ಲಿ, ಅಷ್ಟೇ ಅಕ್ಕರೆಯಿಂದ ಕೊಟ್ಟರೆ ಮೇಜಿನಲ್ಲಿ ಮೇಲು ಕೀಳು ಉಳಿಯುವುದಿಲ್ಲ. ಮನೆಯವರ ಒಪ್ಪಿಗೆಯೂ ಮುಖ್ಯ. ರಾತ್ರಿ ಹನ್ನೊಂದರವರೆಗೆ ಅಡುಗೆಮನೆಯಲ್ಲಿ ಬೋಂಡ ಕರಿಯುತ್ತ ನಿಂತ ಗೃಹಿಣಿಗೆ ಆ ಕೂಟ ಸಂತೋಷ ತರುವುದು ಸಾಧ್ಯವಿಲ್ಲ. ಹುರಿದ ಕಡಲೆಕಾಯಿ, ಸೌತೆಕಾಯಿ, ಮುಂಚೆಯೇ ಮಾಡಿಟ್ಟ ಕೋಡುಬಳೆ ಇದ್ದರೆ ಎಲ್ಲರೂ ಜೊತೆಗೆ ಕೂರಬಹುದು. ಒಂಬತ್ತಕ್ಕೆ ಊಟವೂ ಆಗಬಹುದು.

ವಾಹನದ ಪ್ರಶ್ನೆಯಲ್ಲಿ ರಿಯಾಯಿತಿ ಸಲ್ಲದು. ನೂರು ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅದು ಅಪರಾಧ. 2019ರ ತಿದ್ದುಪಡಿಯಂತೆ ಮೊದಲ ತಪ್ಪಿಗೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ದಂಡಕ್ಕಿಂತ ದೊಡ್ಡದು ಜೀವ. ಕರೆದವರೇ ಅತಿಥಿಗೆ ಗಾಡಿಯ ಏರ್ಪಾಡು ಮಾಡಬೇಕು. ಹಾಗೆಯೇ ದರ, ರಿಯಾಯಿತಿ, ಸಾಲದ ಅವಧಿಗಳ ಮಾತು ಆ ಮೇಜಿಗೆ ಬರದಿರುವುದು ಲೇಸು. ರಾತ್ರಿ ಲೋಟ ಹಿಡಿದು ಒಪ್ಪಿದ ದರವನ್ನು ಬೆಳಿಗ್ಗೆ ಪುಸ್ತಕ ತೆರೆದು ನೋಡಿ ವ್ಯಥೆಪಟ್ಟ ವ್ಯಾಪಾರಿಗಳು ಪ್ರತಿ ಪೇಟೆಯಲ್ಲೂ ಇದ್ದಾರೆ.

ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಹೇಳಿದ್ದಾರೆ. ಎಷ್ಟರ ಮೇಲೆ ಅತಿಯಾಗುತ್ತದೆಂಬುದು ತಿಳಿಯಬೇಕಾದರೆ ಮೊದಲು ಅಳೆಯಲೇಬೇಕು. ಅಂಗಡಿಯಲ್ಲಿ ತಕ್ಕಡಿಗೆ ಕೈಮುಗಿದು ವ್ಯಾಪಾರ ಆರಂಭಿಸುವ ವರ್ತಕ, ಮನೆಯ ಮೇಜಿನಲ್ಲೂ 30 ಮಿ.ಲೀ.ನ ಆ ಪುಟ್ಟ ಬಟ್ಟಲಿಗೆ ಅಷ್ಟೇ ಬೆಲೆ ಕೊಡಲಿ. ಅತಿಥಿ ನೆಟ್ಟಗೆ ಮನೆ ಸೇರುತ್ತಾನೆ, ಮನೆಯವರ ಮುಖ ಬಾಡುವುದಿಲ್ಲ, ಸೋಮವಾರದ ಪುಸ್ತಕವೂ ಶುದ್ಧವಾಗಿ ಉಳಿಯುತ್ತದೆ.