ಚುಕ್ಕೆ ಎಣಿಸಿದರೆ ಸಾಲದು, ಅದರ ಗುರುತು ಹಿಡಿಯಬೇಕು

ಬಾಹ್ಯಾಕಾಶದ ಇರೋಸಿಟಾ ಕ್ಷ-ಕಿರಣ ದೂರದರ್ಶಕದ ಮೊದಲ ಪಟ್ಟಿ 2024ರ ಜನವರಿಯಲ್ಲಿ ಹೊರಬಂತು. ಅರ್ಧ ಆಕಾಶದಲ್ಲೇ ಸುಮಾರು 9 ಲಕ್ಷ ಕ್ಷ-ಕಿರಣ ಮೂಲಗಳು. ನೆರೆಯ ನಕ್ಷತ್ರವೂ ಕೋಟ್ಯಂತರ ಜ್ಯೋತಿರ್ವರ್ಷ ಆಚೆಯ ಕಪ್ಪುಕುಳಿಯೂ ಅಲ್ಲಿ ಬರೀ ಚುಕ್ಕೆಗಳೇ. ಯಾವುದು ಏನು, ಎಷ್ಟು ದೂರದ್ದು ಎಂದು ಖಚಿತವಾಗಿ ಹೇಳಲು ಬಹುಪಾಲು ಸಲ ಕಣ್ಣಿಗೆ ಕಾಣುವ ಬೆಳಕಿನ ರೋಹಿತವೇ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿಟ್ಟ ಬೆಳಕಿನ ಪಟ್ಟಿಯೇ, ಬೇಕು. ಆದ್ದರಿಂದ ಉಪಗ್ರಹಗಳಿಗೆ ಕೊಡುವ ಮಹತ್ವವನ್ನೇ ನೆಲದ ಮೇಲಿನ ಎರಡು ಮೀಟರ್ ಆಸುಪಾಸಿನ ದೂರದರ್ಶಕಗಳಿಗೂ ಕೊಡಬೇಕು ಎನ್ನುತ್ತೇನೆ. ಸಿಗ್ನಸ್ ಎಕ್ಸ್-1 ಅನ್ನೇ ನೋಡಿ. 1964ರಲ್ಲಿ ರಾಕೆಟ್ ಪತ್ತೆಹಚ್ಚಿದ ಆ ಮೂಲ ಏಳೆಂಟು ವರ್ಷ ಒಗಟಾಗಿಯೇ ಉಳಿದಿತ್ತು. ಅದೇ ಜಾಗದ ನೀಲಿ ದೈತ್ಯ ನಕ್ಷತ್ರದ ರೋಹಿತವನ್ನು ಇಂಗ್ಲೆಂಡಿನಲ್ಲಿ ಲೂಯಿಸ್ ವೆಬ್‌ಸ್ಟರ್ ಮತ್ತು ಪಾಲ್ ಮರ್ಡಿನ್, ಕೆನಡಾದಲ್ಲಿ 1.88 ಮೀಟರ್ ಕನ್ನಡಿಯ ದೂರದರ್ಶಕದಿಂದ ಟಾಮ್ ಬೋಲ್ಟನ್ ತೆಗೆದರು. ರೋಹಿತದ ಗೆರೆಗಳು ಒಮ್ಮೆ ನೀಲಿಯತ್ತ, ಒಮ್ಮೆ ಕೆಂಪಿನತ್ತ ಸರಿದು 5.6 ದಿನಕ್ಕೊಂದು ಸುತ್ತು ಮುಗಿಸುತ್ತಿದ್ದವು. ಅಂದರೆ ನಕ್ಷತ್ರ ಒಮ್ಮೆ ನಮ್ಮತ್ತ, ಒಮ್ಮೆ ಆಚೆಗೆ ಚಲಿಸುತ್ತಿತ್ತು; ಕಣ್ಣಿಗೆ ಬೀಳದ ಜೊತೆಗಾರನೊಬ್ಬ ಆ ದೈತ್ಯನನ್ನು ಜಗ್ಗುತ್ತಿದ್ದ. ಲೆಕ್ಕ ಹಾಕಿದರೆ ಆ ಜೊತೆಗಾರನದು ನ್ಯೂಟ್ರಾನ್ ನಕ್ಷತ್ರದ ಮಿತಿಗೂ ಮೀರಿದ ತೂಕ. ಕಪ್ಪುಕುಳಿಗಳಿವೆ ಎಂಬುದಕ್ಕೆ ಮೊದಲ ಗಟ್ಟಿ ಸಾಕ್ಷಿ ಸಿಕ್ಕಿದ್ದು ಹೀಗೆ.

2002ರಲ್ಲಿ ಹಾರಿದ ಇಂಟಿಗ್ರಲ್ ಉಪಗ್ರಹ ಕಂಡ ಅನಾಮಿಕ ಮೂಲಗಳಿಗೂ ಇದೇ ದಾರಿ. ಅದು ತೋರಿಸಿದಷ್ಟು ಜಾಗದಲ್ಲಿ ಹತ್ತಾರು ನಕ್ಷತ್ರಗಳು ಕಿಕ್ಕಿರಿದಿರುತ್ತಿದ್ದವು. ಸ್ವಿಫ್ಟ್, ಚಂದ್ರಾ ಎಂಬ ಕ್ಷ-ಕಿರಣ ಉಪಗ್ರಹಗಳ ನೆರವಿನಿಂದ ಆ ಜಾಗವನ್ನು ಕಿರಿದು ಮಾಡಿಕೊಂಡು, ನಿಕೋಲಾ ಮಸೆಟ್ಟಿ ಅವರ ತಂಡ ಇಟಲಿಯ ಲೊಯಾನೊದ 1.5 ಮೀಟರ್ ದೂರದರ್ಶಕವನ್ನೂ ಬಳಸಿ ಒಂದೊಂದನ್ನೇ ಗುರುತಿಸಿತು. ಹೈಡ್ರೋಜನ್ನಿನ ಹೊಳೆಯುವ ಗೆರೆ ತನ್ನ ಸಹಜ ಸ್ಥಾನವಾದ 656.3 ನ್ಯಾನೊಮೀಟರ್‌ನಲ್ಲೇ ಇದ್ದರೆ ಅದು ನಮ್ಮ ಆಕಾಶಗಂಗೆಯದು, ಹಲವು ಸಲ ಸಂಗಾತಿಯ ಅನಿಲವನ್ನು ಎಳೆದುಕೊಳ್ಳುವ ಶ್ವೇತಕುಬ್ಜ. ಗೆರೆ ಅಗಲವಾಗಿ, ಕೆಂಪಿನತ್ತ ಸರಿದಿದ್ದರೆ ದೂರದ ಗೆಲಾಕ್ಸಿಯ ನಡುವಿನ ದೈತ್ಯ ಕಪ್ಪುಕುಳಿ.

ಬಣ್ಣ, ಹೊಳಪಿನ ವಿವರ ಕೊಟ್ಟರೆ ಕಂಪ್ಯೂಟರೇ ವಿಂಗಡಿಸುತ್ತದಲ್ಲ ಎಂದು ಕೇಳಬಹುದು. ವಿಂಗಡಿಸುತ್ತದೆ, ನಿಜ. ಆದರೆ ಅದಕ್ಕೆ ಪಾಠ ಹೇಳಿಕೊಡುವುದು ರೋಹಿತದಿಂದ ಖಚಿತವಾದ ಉದಾಹರಣೆಗಳೇ. ಹಿಂದೆ ಯಾರೂ ಕಾಣದ್ದು ಎದುರಾದರೆ ಅದು ಎಡವುತ್ತದೆ. ಆಕಾಶಗಂಗೆಯ ದಟ್ಟ ದೂಳಿನ ಹಿಂದಿನ ಮೂಲಗಳಿಗೆ ಅವಕೆಂಪು ಬೆಳಕೇ ಬೇಕೆಂಬ ಆಕ್ಷೇಪವನ್ನು ಒಪ್ಪುತ್ತೇನೆ. ದೊಡ್ಡ ದೂರದರ್ಶಕಗಳಿರುವಾಗ ಚಿಕ್ಕವು ಏಕೆ ಎಂಬುದನ್ನು ಮಾತ್ರ ಒಪ್ಪಲಾರೆ. ಹತ್ತು ಮೀಟರ್ ಕನ್ನಡಿಯ ಒಂದು ರಾತ್ರಿ ಸಿಗುವುದೇ ಕಷ್ಟ. ಗೆರೆಗಳ ಓಲಾಟ ಹಿಡಿಯಲು ರಾತ್ರಿಯ ಮೇಲೆ ರಾತ್ರಿ ಕಾಯಬೇಕು. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ. ಅದರ ರಾತ್ರಿಗಳಲ್ಲಿ ತಿಂಗಳಿಗೆ ಕೆಲವನ್ನಾದರೂ ಈ ಅನಾಮಿಕ ಚುಕ್ಕೆಗಳಿಗೆಂದೇ ಮೀಸಲಿಡಲಿ.