ಬಸುರಿಯ ಹಲ್ಲು ಯಾರ ಹೊಣೆ?

ಈ ಪುಟಗಳಲ್ಲಿ ಬೋನಸ್ಸು, ತುಟ್ಟಿಭತ್ಯ, ಪಾಳಿ, ಅಂಗಡಿ ತೆರಿಗೆ ಇವುಗಳ ಮಾತೇ ಹೆಚ್ಚು. ಈ ವಾರ ನಾವು ಬಸುರಿ ಹೆಂಗಸರ ಹಲ್ಲಿನ ಮಾತು ಆಡಲಿದ್ದೇವೆ. ಇದು ಹೆಂಗಸರ ವಿಷಯ, ನಮಗೇಕೆ ಎಂದು ಯಾರೂ ಹಾಳೆ ಮಗುಚಬಾರದು. ನಮ್ಮ ಓದುಗರಲ್ಲಿ ಗಂಡಸರೇ ಹೆಚ್ಚು. ಆದುದರಿಂದಲೇ ಇದನ್ನು ಇಲ್ಲಿ ಬರೆಯುತ್ತಿದ್ದೇವೆ.

ಈಚೆಗೆ ಗೇಟಿನ ಸಭೆ ಮುಗಿದ ಮೇಲೆ ಗಿರಣಿಯ ಗೆಳೆಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಅವರ ಮನೆಯಾಕೆಗೆ ಆರು ತಿಂಗಳು. ವಸಡು ಊದಿ ರಕ್ತ ಒಸರುತ್ತಿದೆ. ಒಂದು ದವಡೆ ಹಲ್ಲು ಹತ್ತು ದಿನದಿಂದ ನಿದ್ದೆ ಕೆಡಿಸಿದೆ. ಬರಿಯ ಗಂಜಿಯಲ್ಲಿ ದಿನ ದೂಡುತ್ತಿದ್ದಾರೆ. ಬಸುರಿಯ ಹಲ್ಲು ಮುಟ್ಟಿಸಬಾರದು, ಹೆರಿಗೆಯಾಗಲಿ ಎಂದು ಹಿರಿಯರು ತಡೆದಿದ್ದಾರೆ. ಬೀದಿಯ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿಸುತ್ತಿದ್ದಾರೆ. ಈಗ ವೈದ್ಯರಿಗೆ ತೋರಿಸಬಹುದೆ? ಇದು ಅವರ ಪ್ರಶ್ನೆ.

ತೋರಿಸಬಹುದು, ತೋರಿಸಲೇಬೇಕು. ತುರ್ತಾದರೆ ಯಾವ ತಿಂಗಳಲ್ಲಾದರೂ ಹಲ್ಲು ತುಂಬಿಸಬಹುದು, ಕೀಳಿಸಬಹುದು. ನಾಲ್ಕರಿಂದ ಆರನೆಯ ತಿಂಗಳು ಕುರ್ಚಿಯಲ್ಲಿ ಕೂರುವುದಕ್ಕೂ ಹೆಚ್ಚು ಅನುಕೂಲ. ಜಾಗ ಮರಗಟ್ಟಿಸಲು ಕೊಡುವ ಲಿಡೋಕೇನ್ ಸೂಜಿಮದ್ದಿಗೆ ಹೆದರಬೇಕಾಗಿಲ್ಲ. ಅವಶ್ಯವಿದ್ದರೆ ಹಲ್ಲಿನ ಎಕ್ಸ್‌ರೇ ಕೂಡ ತೆಗೆಯಬಹುದು. ಬಸುರಿ ಎಂಬುದನ್ನು ಮಾತ್ರ ವೈದ್ಯರಿಗೆ ಮೊದಲೇ ಹೇಳಬೇಕು.

ಹೆದರಬೇಕಾದದ್ದು ಅಂಗಡಿಯ ಗುಳಿಗೆಗೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಗುಳಿಗೆಗಳು ಐದು ತಿಂಗಳಾದ ಮೇಲೆ ಹೊಟ್ಟೆಯೊಳಗಿನ ಮಗುವಿನ ಮೂತ್ರಪಿಂಡಕ್ಕೆ ಕೇಡು ಮಾಡಬಲ್ಲವು. ಟೆಟ್ರಾಸೈಕ್ಲಿನ್ ಮಗುವಿನ ಹಲ್ಲಿಗೆ ಕಲೆ ಹಿಡಿಸುತ್ತದೆ. ವೈದ್ಯರನ್ನು ಬಿಟ್ಟು ಗುಳಿಗೆಯನ್ನು ನಂಬಿದರೆ ಅಪಾಯದಿಂದ ತಪ್ಪಿಸಿಕೊಂಡಂತಲ್ಲ, ಅಪಾಯವನ್ನು ಮನೆಗೆ ತಂದಂತೆ.

ಇನ್ನೊಂದು ನಂಬಿಕೆಯುಂಟು. ಮಗು ತಾಯಿಯ ಹಲ್ಲಿನ ಸುಣ್ಣ ಹೀರುತ್ತದೆ, ಹೆತ್ತವಳಿಗೆ ಹಲ್ಲು ಹೋಗುವುದು ಸಹಜ ಎಂಬುದು. ಇದು ಸುಳ್ಳು. ಆಹಾರದಲ್ಲಿ ಸುಣ್ಣದ ಅಂಶ ಸಾಲದೆ ಹೋದರೆ ಮೈ ಅದನ್ನು ಎಲುಬಿನಿಂದ ತೆಗೆಯುತ್ತದೆ, ಹಲ್ಲಿನಿಂದಲ್ಲ. ರಾಗಿ, ಹಾಲು, ಸೊಪ್ಪು ಬೇಕು; ಸರಕಾರಿ ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ ಗುಳಿಗೆಯನ್ನು ಎಸೆಯದೆ ನುಂಗಬೇಕು. ಹಲ್ಲು ಹೋಗುವ ಕಾರಣ ಬೇರೆ. ಬಸುರಿನಲ್ಲಿ ಹಾರ್ಮೋನುಗಳು ಏರಿ, ಹಲ್ಲಿನ ಬುಡಕ್ಕೆ ಅಂಟಿದ ಕೊಳೆಗೆ ವಸಡು ಬೇಗ ಕೆರಳುತ್ತದೆ. ಅರ್ಧಕ್ಕಿಂತ ಹೆಚ್ಚು ಬಸುರಿಯರಲ್ಲಿ ಇದು ಕಾಣುತ್ತದೆ. ರಕ್ತ ಬಂತೆಂದು ಹಲ್ಲುಜ್ಜುವುದನ್ನೇ ಬಿಡುತ್ತಾರೆ. ಕೊಳೆ ಇನ್ನೂ ಕಟ್ಟುತ್ತದೆ, ರೋಗ ಇನ್ನೂ ಬಲಿಯುತ್ತದೆ.

ಬೇಕಾದದ್ದು ಬಹಳ ಖರ್ಚಿನದಲ್ಲ. ಮೆದು ಬ್ರಷ್ಷಿನಿಂದ, ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಸಲ ಉಜ್ಜಬೇಕು. ಇಜ್ಜಲು, ಇಟ್ಟಿಗೆ ಪುಡಿ ಬೇಡ. ಅವು ಹಲ್ಲನ್ನು ಸವೆಸುತ್ತವೆ. ವಾಂತಿಯಾದ ಕೂಡಲೆ ಉಜ್ಜಬಾರದು. ಹುಳಿಗೆ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ. ಒಂದು ಲೋಟ ನೀರಿಗೆ ಒಂದು ಸಣ್ಣ ಚಮಚ ಅಡುಗೆ ಸೋಡ ಕದಡಿ ಬಾಯಿ ಮುಕ್ಕಳಿಸಿ ಉಗುಳಿ, ಅರ್ಧ ಗಂಟೆಯ ಮೇಲೆ ಉಜ್ಜಬೇಕು.

ಹೆದರಿಸಿ ಒಪ್ಪಿಸುವುದು ನಮ್ಮ ದಾರಿಯಲ್ಲ. ವಸಡಿನ ರೋಗವಿರುವ ತಾಯಂದಿರಲ್ಲಿ ದಿನ ತುಂಬದ ಹೆರಿಗೆ ಹೆಚ್ಚೆಂದು ಹಲವು ಅಧ್ಯಯನಗಳು ಕಂಡಿವೆ. ಆದರೆ ಅಮೆರಿಕದಲ್ಲಿ 800ಕ್ಕೂ ಹೆಚ್ಚು ಬಸುರಿಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವಸಡಿನ ಚಿಕಿತ್ಸೆಯಿಂದ ಅಂಥ ಹೆರಿಗೆಗಳು ಕಡಿಮೆಯಾಗಲಿಲ್ಲ. ಚಿಕಿತ್ಸೆಯಿಂದ ತಾಯಿಗಾಗಲಿ ಮಗುವಿಗಾಗಲಿ ಕೇಡಾಗಲಿಲ್ಲ, ವಸಡು ಸುಧಾರಿಸಿತು ಎಂಬುದೂ ಅದೇ ಪರೀಕ್ಷೆಯಲ್ಲಿ ಕಂಡಿತು. ಅಷ್ಟು ಸಾಲದೆ? ಮಗುವಿಗೆ ಲಾಭವಾದರೆ ಮಾತ್ರ ತಾಯಿಯ ನೋವಿಗೆ ಬೆಲೆಯೆ? ಆಕೆಯೂ ಮನುಷ್ಯಳಲ್ಲವೆ?

ಅಂಗಡಿಯ ಗೆಳೆಯರಿಗೂ ಒಂದು ಮಾತು. ಬಸುರಿ ಹೆಂಗಸು ಹಲ್ಲುನೋವೆಂದು ಬಂದರೆ ಗುಳಿಗೆ ಕೊಡಬೇಡಿ. ಆಸ್ಪತ್ರೆಗೆ ಹೋಗಮ್ಮ ಎನ್ನಿ. ಹೊಗೆಸೊಪ್ಪು, ಮಿಶ್ರಿ ಕೊಡಬೇಡಿ. ಹಲ್ಲುಪುಡಿಯಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರಕಾರ 1992ರಲ್ಲೇ ನಿಷೇಧಿಸಿತು. ತಂಬಾಕು ವಸಡನ್ನು ತಿನ್ನುತ್ತದೆ, ಮಗುವಿನ ತೂಕ ಇಳಿಸುತ್ತದೆ. ನಾಲ್ಕು ಕಾಸಿನ ವ್ಯಾಪಾರ ಹೋಗುವುದು ನಮಗೆ ಗೊತ್ತು, ಆದರೂ ಕೇಳುತ್ತೇವೆ.

ಎಲ್ಲ ಹೊಣೆಯನ್ನೂ ಮನೆಯವರ ಮೇಲೆ ಹೊರಿಸುವುದು ನ್ಯಾಯವಲ್ಲ. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಉಂಟು. ತೂಕ, ರಕ್ತದೊತ್ತಡ, ರಕ್ತ, ಮೂತ್ರ ನೋಡುತ್ತಾರೆ. ಒಳ್ಳೆಯದೇ. ಆದರೆ 'ಬಾಯಿ ತೆರೆಯಮ್ಮ' ಎನ್ನುವವರು ಎಷ್ಟು ಮಂದಿ? 2014–15ರಲ್ಲಿ ನಮ್ಮ ರಾಜ್ಯ ಸರಕಾರ ಬಡ ಮುದುಕರಿಗೆ ಕಟ್ಟಿದ ಹಲ್ಲು ಕೊಡುವ ದಂತ ಭಾಗ್ಯ ಯೋಜನೆ ತಂದಿತು. ಅದನ್ನು ನಾವು ಹಳಿಯುವುದಿಲ್ಲ. ಇದ್ದ ಹಲ್ಲನ್ನು ಉಳಿಸುವ ಕೆಲಸ ಯಾವಾಗ ಎಂದು ಮಾತ್ರ ಕೇಳುತ್ತೇವೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಬಡವರ ಪಾಲಿಗೇ ಏಕೆ ನಿಜವಾಗಬೇಕು?

ಇ.ಎಸ್.ಐ.ಗೆ ಕಾರ್ಮಿಕನ ಸಂಬಳದಿಂದ ನೂರಕ್ಕೆ 0.75, ಮಾಲೀಕನಿಂದ 3.25 ಎಂದು 2019ರ ಜುಲೈಯಲ್ಲಿ ಗೊತ್ತುಮಾಡಿದರು. ಆ ಹಣದಲ್ಲಿ ಹೆಂಡತಿಯ ಹಲ್ಲಿನ ಹಕ್ಕೂ ಸೇರಿದೆ. ಕಾರ್ಡು ಹಿಡಿದು ಹೋಗಿ ಕೇಳಿ. ಇ.ಎಸ್.ಐ. ಇಲ್ಲದ ಅಂಗಡಿಯವರಿಗೆ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗವುಂಟು.

ಆ ಗೆಳೆಯರು ಮರುದಿನವೇ ಪಾಳಿ ಬಿಟ್ಟು ಮನೆಯಾಕೆಯನ್ನು ಕರೆದುಕೊಂಡು ಹೋದರು. ಹಲ್ಲು ಕೀಳಬೇಕಾಯಿತು. ಎರಡು ತಿಂಗಳ ಮುಂಚೆ ಬಂದಿದ್ದರೆ ತುಂಬಿ ಉಳಿಸಬಹುದಿತ್ತೆಂದು ವೈದ್ಯರು ಹೇಳಿದರಂತೆ. ಆಕೆ ಅಂದು ರಾತ್ರಿ ನಿದ್ದೆ ಮಾಡಿದರು, ಮೂರನೆಯ ದಿನ ಅನ್ನ ಉಂಡರು. ಗೆಳೆಯರ ಒಂದು ದಿನದ ಮಜೂರಿ ಹೋಯಿತು.

ಆದುದರಿಂದ ನಮ್ಮ ಬೇಡಿಕೆ ಎರಡು. ಬಸುರಿಯ ಪ್ರತಿ ತಪಾಸಣೆಯಲ್ಲೂ ಬಾಯಿ ನೋಡಿ ತಾಯಿ ಕಾರ್ಡಿನಲ್ಲಿ ಬರೆಯಬೇಕು. ಬಸುರಿಯನ್ನು, ಅವಳು ಕಾರ್ಮಿಕಳಾಗಿರಲಿ ಕಾರ್ಮಿಕನ ಹೆಂಡತಿಯಾಗಿರಲಿ, ಆಸ್ಪತ್ರೆಗೆ ಕರೆದೊಯ್ಯುವ ದಿನದ ಮಜೂರಿ ಕಡಿಯಬಾರದು. ಇಷ್ಟು ವರ್ಷ ಬರೆದ ಬೇಡಿಕೆ ಪಟ್ಟಿಗಳಲ್ಲಿ ನಾವು ಒಮ್ಮೆಯೂ ಇದನ್ನು ಬರೆದವರಲ್ಲ. ಅದು ನಮ್ಮ ತಪ್ಪು. ಮುಂದಿನ ಪಟ್ಟಿಯಲ್ಲಿ ಬರೆಯುತ್ತೇವೆ. ಅಲ್ಲಿಯವರೆಗೆ, ಗೆಳೆಯರೆ, ಈ ಸಂಜೆ ಮನೆಗೆ ಹೋದಾಗ ಹಲ್ಲು ನೋಯುತ್ತಿದೆಯೆ ಎಂದು ನೀವಾದರೂ ಕೇಳಿ.