ಮನೆಯ ಬೆಲೆ ಎಷ್ಟು?

ಯಲಹಂಕ ದಾಟಿ ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆ ಹೊರಟರೆ ಹುಣಸಮಾರನಹಳ್ಳಿ ಸಿಗುತ್ತದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾಗುವ ಮೊದಲು ಇಲ್ಲಿ ನಿವೇಶನ ಕೊಂಡವರಿಗೆ ಹಳೆಯ ಕ್ರಯಪತ್ರದ ಮೊತ್ತ ನೋಡಿದರೆ ಈಗ ನಗು ಬರುತ್ತದೆ. ಅಂಥ ಮನೆಯ ಗಂಡ ಹೆಂಡತಿ ಬೇರೆಯಾಗಲು ಹೊರಟಾಗ ಮಾತ್ರ ಅದು ನಗುವ ಮಾತಲ್ಲ. ಉಳಿಯುವವರು ಹೊರಡುವವರಿಗೆ ಎಷ್ಟು ಕೊಡಬೇಕು? ಆ ಹಣ ಹೊಂದದಿದ್ದರೆ ಮನೆ ಮಾರಬೇಕು, ಮಕ್ಕಳು ಶಾಲೆ ಬದಲಿಸಬೇಕು.

ಇಬ್ಬರೂ ಒಬ್ಬೊಬ್ಬ ಮೌಲ್ಯಮಾಪಕರನ್ನು ಕರೆಸುತ್ತಾರೆ. (ಉತ್ತರಪತ್ರಿಕೆ ತಿದ್ದುವ ನಮಗೂ ಅದೇ ಹೆಸರು, ಅಲ್ಲೂ ಇಬ್ಬರ ಅಂಕ ಒಂದೇ ಬರುವುದು ಅಪರೂಪ.) ಎರಡು ವರದಿ, ಎರಡು ಬೆಲೆ. ಕೂಡಲೇ ‘ದುಡ್ಡು ಕೊಟ್ಟು ಬರೆಸಿದ್ದಾರೆ’ ಎಂಬ ಆರೋಪ. ಹಾಗೇ ಆಗಿರಬೇಕೆಂದಿಲ್ಲ. ಕಲ್ಲಿನ ದ್ರವ್ಯರಾಶಿ ಕಲ್ಲಿನಲ್ಲೇ ಇದೆ, ಮನೆಯ ಬೆಲೆ ಗೋಡೆಯಲ್ಲಿಲ್ಲ. ಇಂಥ ದಿನ ಕೊಳ್ಳುವವನು ಎಷ್ಟು ಕೊಟ್ಟಾನು ಎಂಬ ಅಂದಾಜು ಅದು.

ವಿದ್ಯಾರ್ಥಿಗಳು ಪೆನ್ಸಿಲು ಹಿಡಿಯಲಿ. ದರಗಳು ಬರೀ ಉದಾಹರಣೆಗೆ. 30x40 ನಿವೇಶನ, ಅಂದರೆ 1200 ಚದರಡಿ. ಅಡಿಗೆ 5000 ರೂಪಾಯಿಯಂತೆ 60 ಲಕ್ಷ. ಮೇಲೆ 1000 ಚದರಡಿಯ, 20 ವರ್ಷದ ಕಟ್ಟಡ. ಇಂದು ಹೊಸದಾಗಿ ಕಟ್ಟಲು ಅಡಿಗೆ 2000ದಂತೆ 20 ಲಕ್ಷ. ಆಯುಸ್ಸು 60 ವರ್ಷ, ಕೊನೆಗೆ ಶೇ. 10 ಉಳಿಯುತ್ತದೆ ಎಂದು ಹಿಡಿದರೆ ಸವಕಳಿ ಶೇ. 30, ಉಳಿದದ್ದು 14 ಲಕ್ಷ. ಒಟ್ಟು 74 ಲಕ್ಷ. ಇನ್ನೊಬ್ಬರು ಆಯುಸ್ಸನ್ನು 50 ವರ್ಷ ಎಂದರೂ ಇಳಿಯುವುದು 1 ಲಕ್ಷ 20 ಸಾವಿರ ಮಾತ್ರ. ಆದರೆ ನೆಲದ ದರವನ್ನು 5600 ಮಾಡಿದರೆ 7 ಲಕ್ಷ 20 ಸಾವಿರ ಏರುತ್ತದೆ! ಜಗಳವೆಲ್ಲ ನೆಲದ ದರದಲ್ಲಿದೆ. ಆದ್ದರಿಂದ ವರದಿಯ ಕೊನೆಯ ಸಾಲು ನೋಡಿ ಸಿಟ್ಟಾಗುವ ಬದಲು, ಯಾವ ಮಾರಾಟಗಳಿಗೆ ಹೋಲಿಸಿದ್ದೀರಿ ಎಂದು ಕೇಳಬೇಕು. ಅವು ಹೆದ್ದಾರಿ ಅಂಚಿನವೋ, ಒಳಗಿನ ಗಲ್ಲಿಯವೋ? ಖಾತೆ ಸರಿಯಿತ್ತೇ? ಯಾವ ವರ್ಷದವು? ಸರ್ಕಾರದ ಮಾರ್ಗಸೂಚಿ ಬೆಲೆ ಮುದ್ರಾಂಕ ಶುಲ್ಕಕ್ಕೆಂದು ಇರುವುದು, ಅದನ್ನೇ ಮಾರುಕಟ್ಟೆ ಬೆಲೆ ಎಂದುಕೊಳ್ಳಬಾರದು. ಟೇಪನ್ನೂ ನಂಬಿ ಕೂರಬೇಡಿ: ನಿವೇಶನ ನಿಜಕ್ಕೂ 29.5x39.5 ಇದ್ದರೆ 34.75 ಚದರಡಿ ಕಡಿಮೆ, ಅಂದರೆ 1 ಲಕ್ಷ 73 ಸಾವಿರ ರೂಪಾಯಿಗೂ ಹೆಚ್ಚು.

ವಿಚ್ಛೇದನವಾದರೆ ಮನೆ ತಾನಾಗಿ ಅರ್ಧರ್ಧ ಎಂದು ಹಲವರು ನಂಬಿದ್ದಾರೆ. ಕರ್ನಾಟಕದಲ್ಲಿ ಅಂಥ ಕಾನೂನಿಲ್ಲ. ಕ್ರಯಪತ್ರದಲ್ಲಿ ಯಾರ ಹೆಸರಿದೆ ಎಂಬುದೇ ಮೊದಲ ಪ್ರಶ್ನೆ. ಹಾಗೆಂದು ಹೆಸರಿಲ್ಲದ ಹೆಂಡತಿ ಬೀದಿಪಾಲೆಂದೂ ಅಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಆಕೆ ವಾಸದ ಹಕ್ಕು ಕೇಳಬಹುದು; ಸಂಸಾರ ಮಾಡಿದ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಹೇಳಿತು. ಜೀವನಾಂಶದ ಮೊಕದ್ದಮೆಗಳಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕೆಂದು ಮರುತಿಂಗಳೇ ವಿಧಿಸಿತು. ಮನೆ ಒಬ್ಬರ ಹೆಸರಿನಲ್ಲೇ ಇದ್ದರೂ ಬೆಲೆಯ ಪ್ರಶ್ನೆ ತಪ್ಪುವುದಿಲ್ಲ.

ಸಾಲವನ್ನು ಕಳೆಯದೆ ಪಾಲು ಹಾಕುವುದುಂಟು. 74 ಲಕ್ಷದಲ್ಲಿ 12 ಲಕ್ಷ ಸಾಲ ಬಾಕಿಯಿದ್ದು, ಇಬ್ಬರಿಗೂ ಸಮಪಾಲಿದ್ದರೆ, ಒಬ್ಬರಿಗೆ 31 ಲಕ್ಷ, 37 ಅಲ್ಲ. ಸಾಲಪತ್ರಕ್ಕೆ ಇಬ್ಬರೂ ಸಹಿ ಹಾಕಿದ್ದರೆ ವಿಚ್ಛೇದನವಾಯಿತೆಂದು ಬ್ಯಾಂಕು ಯಾರನ್ನೂ ಬಿಡುವುದಿಲ್ಲ. ಮನೆ ಬಿಟ್ಟುಕೊಟ್ಟವರು ಸಾಲದಿಂದ ತಮ್ಮ ಹೆಸರು ತೆಗೆಸಿಕೊಂಡೇ ಹೊರಡಬೇಕು.

ಪೋಷಕರಿಗೆ ಒಂದು ಮಾತು. ಮೌಲ್ಯಮಾಪಕರು ಬರುವುದಕ್ಕೆ ಮಕ್ಕಳು ಶಾಲೆಯಲ್ಲಿರುವ ಹೊತ್ತನ್ನೇ ಗೊತ್ತುಮಾಡಿ. ಯಾರೋ ಬಂದು ತಾನು ಓದುವ ಕೋಣೆಗೆ ಟೇಪು ಹಿಡಿಯುವುದನ್ನು ಹತ್ತನೇ ತರಗತಿಯ ಹುಡುಗಿ ನಿಂತು ನೋಡಬೇಕಾಗಿಲ್ಲ.